ಸೋಮವಾರದ ಗಾಣ

ಆ ಕಾರ್ಖಾನೆಯ ಔಷಧಿ ಕೋಣೆಯಲ್ಲಿ ಟಿಂಚರು, ಹತ್ತಿ, ಬ್ಯಾಂಡೇಜು ಇಡುವ ಬೀರುವಿನ ಕೆಳಗೆ ಒಂದು ಬುಟ್ಟಿ ಒಣಗಿದ ಕಬ್ಬಿನ ಸಿಪ್ಪೆ ಇರುತ್ತಿತ್ತು. ಸೇರಿದ ಹೊಸದರಲ್ಲಿ ನಾನು ಅದನ್ನು ಸೂಜಿ, ಕತ್ತರಿ ಕುದಿಸುವ ಒಲೆಯ ಉರುವಲು ಅಂದುಕೊಂಡು ಒಂದೆರಡು ಹಿಡಿ ಒಲೆಗೆ ತುರುಕಿಯೂ ಬಿಟ್ಟೆ. ಶೆಡ್ಡಿನ ಜಾಬರ್ ಅದನ್ನು ನೋಡಿ ನಕ್ಕ.

"ಅದು ಉರಿಸಾಕಲ್ಲ ಕಾಂಪೌಂಡ್ರೇ, ಅದೂ ಔಸ್ದೀನೇ. ಬೇಕಾದಾಗ ನಾನೇ ಹೇಳ್ಕೊಡ್ತೀನಿ, ಬಿಡಿ" ಅಂದ.

ಜಾಬರ್ ಅಂದರೆ ಶೆಡ್ಡಿನ ಮೇಸ್ತ್ರಿ. ಯಂತ್ರವಾಗಲಿ ಆಳಾಗಲಿ ಅಲ್ಲಿ ಅವನ ಮಾತು ಮೀರುವಂತಿರಲಿಲ್ಲ. ಕೆಂಪು ಕಣ್ಣಿನ, ಕಟ್ಟುಮಸ್ತಾದ ಆಳು. ಜೇಬಿನಲ್ಲಿ ಯಾವಾಗಲೂ ಒಂದು ಸ್ಪ್ಯಾನರು. ಅವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ನಾನೂ ನಕ್ಕೆ.

ಎಪ್ಪತ್ತರ ದಶಕದ ಆರಂಭದ ಮಾತು. ದೊಡ್ಡಬಳ್ಳಾಪುರದ ಹೊರಗೆ, ಮಾಕಳಿದುರ್ಗದ ಕಡೆ ಹೋಗುವ ರೈಲು ಹಳಿಯ ಹತ್ತಿರ ಇದ್ದ ಕಾರ್ಖಾನೆ ಅದು. ಮಗ್ಗಗಳಿಗೆ ಬೇಕಾದ ರೇಷ್ಮೆ ನೂಲಿಗೆ ಅಲ್ಲಿ ಹುರಿ ಹಾಕುತ್ತಿದ್ದರು. ಈಗಿನಂತೆ ಯಂತ್ರಕ್ಕೊಂದು ಮೋಟಾರು ಇರಲಿಲ್ಲ. ಒಂದೇ ದೊಡ್ಡ ಮೋಟಾರು, ಅದು ತಿರುಗಿಸುವ ಒಂದು ಉದ್ದನೆಯ ಕಬ್ಬಿಣದ ಶಾಫ್ಟು. ಸೂರಿನ ಕೆಳಗೆ ಶೆಡ್ಡಿನ ಈ ತುದಿಯಿಂದ ಆ ತುದಿಯವರೆಗೆ ಶಾಫ್ಟು ತಿರುಗುತ್ತಿತ್ತು. ಅದರ ಮೇಲಿನ ಗಾಲಿಗಳಿಂದ ಚರ್ಮದ ಬೆಲ್ಟುಗಳು ಇಳಿದು ಒಂದೊಂದು ಯಂತ್ರವನ್ನು ಓಡಿಸುತ್ತಿದ್ದವು. ಬೆಲ್ಟು ಜಾರಿದರೆ ಯಂತ್ರ ನಿಧಾನವಾಗುತ್ತದೆ, ಹುರಿ ಸಡಿಲಾಗುತ್ತದೆ. ಆಗ ಯಂತ್ರದ ಮುಂದಿದ್ದ ಹೆಣ್ಣುಮಗಳು ಸ್ಟೂಲು ಹತ್ತಿ, ಓಡುತ್ತಿರುವ ಬೆಲ್ಟಿಗೂ ಗಾಲಿಗೂ ನಡುವೆ ರಾಳದ ಪುಡಿ ಎರಚಬೇಕು. ಪುಡಿ ಅಂಟಿಕೊಂಡು ಬೆಲ್ಟು ಮತ್ತೆ ಹಿಡಿತಕ್ಕೆ ಬರುತ್ತಿತ್ತು. ಶಾಫ್ಟು ನಿಲ್ಲಿಸಿ ಮಾಡಬೇಕಾದ ಕೆಲಸ ಅದು. ಆದರೆ ಶಾಫ್ಟು ನಿಂತರೆ ಇಡೀ ಶೆಡ್ಡು ನಿಲ್ಲುತ್ತದೆ, ಎಲ್ಲ ಯಂತ್ರಗಳ ನೂಲೂ ಸಡಿಲಾಗಿ ಕಡಿದುಹೋಗುತ್ತದೆ, ಮತ್ತೆ ಗಂಟು ಹಾಕಲು ಅರ್ಧ ಹಗಲು ಬೇಕು. ಹಾಗಾಗಿ ನಿಲ್ಲಿಸುತ್ತಿರಲಿಲ್ಲ. ಬೆಲ್ಟಿಗೆ ಅಡ್ಡವಾಗಿ ಇರಬೇಕಾದ ಕಬ್ಬಿಣದ ಜಾಲರಿಗಳೆಲ್ಲ ಗೋಡೌನಿನಲ್ಲಿ ಮಲಗಿದ್ದವು, ಏಕೆಂದರೆ ಜಾಲರಿ ಇದ್ದರೆ ರಾಳ ಎರಚಲು ಕೈ ತೂರುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಕಿರುಚಾಟ ಕೇಳಿ ಓಡಿದೆ. ಸಾಸಲಿನ ಆಚೆಯ ಹಳ್ಳಿಯ ಒಕ್ಕಲಿಗರ ಹುಡುಗಿ, ಆಗ ತಾನೇ ಮದುವೆ ಮಾತುಕತೆ ನಡೆಯುತ್ತಿದ್ದವಳು, ಸ್ಟೂಲಿನ ಮೇಲಿಂದ ಬೆಲ್ಟಿಗೆ ಸಿಕ್ಕಿದ್ದಳು. ಬೆಲ್ಟು ಬಲಗೈಯನ್ನು ಗಾಲಿಯೊಳಕ್ಕೆ ಎಳೆದುಕೊಂಡು, ಮೈಯನ್ನು ಸೂರಿನ ತನಕ ಎತ್ತಿ, ಗೋಡೆಗೆ ಒಗೆದಿತ್ತು. ನಾನು ಹೋಗುವಷ್ಟರಲ್ಲಿ ಅವಳು ಗೋಡೆಯ ಬುಡದಲ್ಲಿ ಕೂತಿದ್ದಳು. ಮೊಣಕೈಯಿಂದ ಕೆಳಗೆ ಚರ್ಮ ಕುಬುಸದ ತೋಳಿನಂತೆ ಕೆಳಕ್ಕೆ ಸರಿದು, ಬೆರಳುಗಳು ಬೇರೆಬೇರೆ ದಿಕ್ಕಿಗೆ ತಿರುಗಿದ್ದವು. ಅವಳು ಅಳುತ್ತಿರಲಿಲ್ಲ. "ನೂಲು ಕಡೀತೇನಣ್ಣ? ನೂಲು ಕಡೀತಾ?" ಎಂದು ಜಾಬರನನ್ನು ಕೇಳುತ್ತಿದ್ದಳು. ಅವಳ ಹಿಂದೆ ಶಾಫ್ಟು ಇನ್ನೂ ತಿರುಗುತ್ತಲೇ ಇತ್ತು.

ಔಷಧಿ ಕೋಣೆಗೆ ತಂದು ಮಲಗಿಸಿದೆವು. ನಾನು ಮೊಣಕೈಯ ಮೇಲೆ ಬಿಗಿಯಾಗಿ ಪಟ್ಟಿ ಕಟ್ಟಿ ರಕ್ತ ನಿಲ್ಲಿಸಿ, ಉಪ್ಪುನೀರಿನಲ್ಲಿ ತೊಳೆಯಲು ಶುರುಮಾಡಿದೆ. ಜಾಬರ್ ನನ್ನನ್ನು ಪಕ್ಕಕ್ಕೆ ತಳ್ಳಿದ. ಗಾಯಕ್ಕೆ ಅಂಟಿದ್ದ ಗ್ರೀಸು, ರಾಳ ಹೋಗಲೆಂದು ಸೀಮೆಎಣ್ಣೆ ಸುರಿದು ಉಜ್ಜಿದ. ಆಗ ಅವಳು ಕೂಗಿದ ಕೂಗಿಗೆ ಕಿಟಕಿಯ ಹೊರಗಿದ್ದವರು ಕಿವಿ ಮುಚ್ಚಿಕೊಂಡರು. ಆಮೇಲೆ ಅವನು ಬೀರುವಿನ ಕೆಳಗಿನ ಬುಟ್ಟಿ ಎಳೆದು, ಒಂದು ಹಿಡಿ ಕಬ್ಬಿನ ಸಿಪ್ಪೆಯನ್ನು ಆ ಹಸಿ ಮಾಂಸದೊಳಗೆ ಒತ್ತಿ ತುಂಬಿದ.

ನಾನು ಅವನ ಕೈ ಹಿಡಿದೆ. ನನ್ನನ್ನು ಎದೆಗೆ ಗುದ್ದಿ ಗೋಡೆಗೆ ಒತ್ತಿದ. "ಗಾಣಕ್ಕೆ ಸಿಕ್ಕಿದ ಕೈಯಲ್ಲಿ ಸಿಪ್ಪೆ ಇರ್ಬೇಕು ತಾನೆ? ಇಲ್ದಿದ್ರೆ ಡಾಕ್ಟ್ರು ನಂಬ್ತಾನಾ? ಬಾಯ್ಮುಚ್ಕೊಂಡು ಬ್ಯಾಂಡೇಜ್ ಸುತ್ರೀ!"

ಆಗ ಅರ್ಥವಾಯಿತು. ಕೈಯೋ ಬೆರಳೋ ಹೋದರೆ ಆಳನ್ನು ಕಂಪನಿ ಜೀಪಿನಲ್ಲಿ ಮೊದಲು ಅವರ ಹಳ್ಳಿಗೇ ಒಯ್ಯುತ್ತಿದ್ದರು. ಅಲ್ಲಿಂದ ಮನೆಯವರು ಆಸ್ಪತ್ರೆಗೆ ಸೇರಿಸಿ, ನಮ್ಮ ಆಲೆಮನೆಯ ಗಾಣಕ್ಕೆ ಕೈ ಸಿಕ್ಕಿತು ಅನ್ನಬೇಕು. ಕಬ್ಬು ಅರೆಯುವ ಕಾಲ ಅಲ್ಲದಿದ್ದರೆ ಬಾವಿಯಿಂದ ನೀರೆತ್ತುವ ಕಪಿಲೆಯ ರಾಟೆಗೆ ಸಿಕ್ಕಿತು ಅನ್ನಬೇಕು. ಎರಡೂ ಎತ್ತು ಕಟ್ಟಿ ನಡೆಸುವಂಥವು. ಸರ್ಕಾರದ ಲೆಕ್ಕದಲ್ಲಿ ನಮ್ಮ ಕಾರ್ಖಾನೆಯೊಳಗೆ ಒಬ್ಬರ ಉಗುರೂ ಮುರಿದಿರಲಿಲ್ಲ.

ಹುಡುಗಿಯ ಅಪ್ಪ ಆಸ್ಪತ್ರೆಯಲ್ಲಿ ಹಾಗೇ ಹೇಳಿದ. ಸಿಪ್ಪೆಯ ಕೊಳೆಯಿಂದ ಗಾಯ ಕೀವುಗಟ್ಟಿ ಕಪ್ಪಾಯಿತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿ ಭುಜದ ಹತ್ತಿರ ತೋಳು ಕತ್ತರಿಸಿದರು. ನಾನು ನೋಡಲು ಹೋದಾಗ ಅವಳು ಖಾಲಿ ಭುಜದ ಮೇಲೆ ಸೆರಗು ಹೊದ್ದು, ಎಡಗೈಯಲ್ಲಿ ಅನ್ನ ಕಲಸಲು ಕಲಿಯುತ್ತಿದ್ದಳು. ಗಾಣ, ಬೆಲ್ಟು ಯಾವುದರ ಮಾತನ್ನೂ ಆಡಲಿಲ್ಲ. "ನಮ್ ತಂಗೀನ ತಗೊಂಡ್ರಂತೆ ಅಣ್ಣ, ನನ್ ಮಿಸಿನ್ಗೇ" ಅಂದಳು. ಆ ಮಾತಿನಲ್ಲಿ ಒಂದು ಸಮಾಧಾನ ಇತ್ತು.

ಅದು ಅಲ್ಲಿನ ಪದ್ಧತಿ. ಒಬ್ಬರ ಕೈ ಹೋದರೆ ಅದೇ ಮನೆಯ ಇನ್ನೊಬ್ಬರಿಗೆ ಅದೇ ಯಂತ್ರದ ಮುಂದೆ ಕೆಲಸ. ಬಾಯಿ ಬಿಟ್ಟರೆ ಆ ಕೆಲಸ ಹೋಯಿತು. ಶೆಡ್ಡಿನಲ್ಲಿ ನಿಂತಿದ್ದವರಲ್ಲಿ ಬಹಳ ಜನ ಹೀಗೆ ಅಕ್ಕನ, ಅಣ್ಣನ, ತಾಯಿಯ ಕೈ ಕೊಟ್ಟು ಜಾಗ ಪಡೆದವರು. ಎಲ್ಲರೂ ಮಾಲೀಕರಿಗೆ ಹೆದರಿ ಸುಮ್ಮನಿದ್ದಾರೆ ಅಂತ ನಾನು ತಿಳಿದಿದ್ದೆ. ಹೆದರಿಕೆ ಇತ್ತು, ಆದರೆ ಅದು ಮೇಲುಮೇಲಿನದು. ತಳದಲ್ಲಿ ಇದ್ದದ್ದು ಒಪ್ಪಂದ, ಮತ್ತು ಅದನ್ನು ಕಾಯುತ್ತಿದ್ದವರು ಮ್ಯಾನೇಜರಲ್ಲ, ಕೈ ಕಳೆದುಕೊಂಡ ಮನೆಯವರು.

ತಂಗಿ ಅಕ್ಕನಿಗಿಂತ ಗಿಡ್ಡ. ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ರಾಳ ಎರಚುತ್ತಿದ್ದಳು. ನಾನು ಔಷಧಿ ಕೋಣೆಯ ಬಾಗಿಲಲ್ಲಿ ನಿಂತರೆ ಅವಳು ಕಾಣುತ್ತಿದ್ದಳು. ಆ ಕೈ ಮೇಲೇರಿದಾಗಲೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ನೋಡುತ್ತಿದ್ದೆ. ಈ ಹುಡುಗಿಯ ಕೈ ಹೋಗುವ ಮೊದಲು ಆ ಜಾಲರಿಗಳು ಗೋಡೌನಿನಿಂದ ಹೊರಗೆ ಬರಲೇಬೇಕು ಅಂತ ಹಟ ತೊಟ್ಟೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಮ್ಯಾನೇಜರ ಹತ್ತಿರ ಹೋದೆ. ಮೆತ್ತನೆಯ ಮಾತಿನ, ಇಸ್ತ್ರಿ ಕೆಡದ ಬಟ್ಟೆಯ ಮನುಷ್ಯ. ಕಾಫಿ ತರಿಸಿದರು. "ಜಾಲರಿ ಹಾಕಿದರೆ ಬೆಲ್ಟು ಜಾರಿದಾಗಲೆಲ್ಲ ಶಾಫ್ಟು ನಿಲ್ಲಿಸಬೇಕು. ನಿಲ್ಲಿಸಿದರೆ ಶೆಡ್ಡು ಮುಚ್ಚಬೇಕು. ಮುಚ್ಚಿದರೆ ಇವರೆಲ್ಲ ಎಲ್ಲಿಗೆ ಹೋಗ್ತಾರೆ, ಹೇಳಿ" ಎಂದರು. "ನಾವು ಯಾರ ಮನೆಯನ್ನೂ ಕೈಬಿಟ್ಟಿಲ್ಲ. ನಿಮ್ಮ ಕೆಲಸ ಗಾಯ ಕಟ್ಟೋದು, ಕಟ್ಟಿ." ಆ ಕಾಫಿಯನ್ನು ಅವರ ಮುಖಕ್ಕೆ ಎರಚುವ ಹಾಗಾಯಿತು. ಎರಚಲಿಲ್ಲ, ಕುಡಿದು ಬಂದೆ.

ರಜೆ ಹಾಕಿ ಬೆಂಗಳೂರಿಗೆ ಹೋಗಿ, ಕಾರ್ಖಾನೆಗಳ ಇನ್ಸ್‌ಪೆಕ್ಟರನ್ನು ಕಚೇರಿಯಲ್ಲೇ ಕಂಡು ಎಲ್ಲ ಹೇಳಿದೆ. ನಡುವಯಸ್ಸಿನ ಆತ ಮಧ್ಯೆ ಬಾಯಿ ಹಾಕದೆ ಕೇಳಿದರು. ಕೊನೆಗೆ, "ನೀವು ಕಂಡದ್ದು ಸಾಲದು. ಕೈ ಕಳೆದುಕೊಂಡವರ ಬಾಯಲ್ಲಿ ಬರಬೇಕು. ಬಂದರೆ ನಾನು ಶಾಫ್ಟಿಗೆ ಬೀಗ ಹಾಕ್ತೀನಿ" ಎಂದರು. ಬರುತ್ತೇನೆ ಎಂದು ಮಾತು ಕೊಟ್ಟು, ಹಾಗೇ ಬಂದರು.

ಆದರೆ ಅವರು ಬರುವ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಯಾರು ಮುಟ್ಟಿಸಿದರೋ ಇಂದಿಗೂ ತಿಳಿಯದು. ಹಿಂದಿನ ದಿನವೇ ಜಾಲರಿಗಳು ಗೋಡೌನಿನಿಂದ ಹೊರಟು, ಹಸಿರು ಬಣ್ಣ ಬಳಿಸಿಕೊಂಡು ಬೆಲ್ಟುಗಳ ಮುಂದೆ ನಿಂತವು. ಹೆಣ್ಣುಮಕ್ಕಳು "ಮಿಸಿನ್ಗೆ ಬಾಸಿಂಗ ಕಟ್ಟವ್ರೆ, ಗಂಡು ಯಾವಾಗ್ ಬತ್ತದೆ?" ಅಂತ ನಗುತ್ತಿದ್ದರು. ಮ್ಯಾನೇಜರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಕೈ ಕಳೆದುಕೊಂಡ ಅಕ್ಕ ತಲೆ ತಗ್ಗಿಸಿ "ಗಾಣಕ್ಕೆ ಸಿಕ್ತು" ಅಂದಳು. ಅವಳ ಅಪ್ಪ ಎದೆ ತಟ್ಟಿಕೊಂಡು, "ಬಸವಣ್ಣನಾಣೆ ಸ್ವಾಮಿ, ನಾನೇ ಎತ್ತು ಹೊಡೀತಿದ್ದೆ. ನನ್ ಕಣ್ಮುಂದೇನೇ ಸಿಕ್ತು" ಅಂದ. ಇನ್ಸ್‌ಪೆಕ್ಟರ್ ನನ್ನ ಕಡೆ ಒಮ್ಮೆ ನೋಡಿ ಹೊರಟುಹೋದರು. ಅವರ ಜೀಪಿನ ಧೂಳು ಕೂರುವ ಮೊದಲೇ ಸ್ಪ್ಯಾನರುಗಳು ಹೊರಬಂದು ಜಾಲರಿ ಬಿಚ್ಚತೊಡಗಿದವು.

ದೂರು ಕೊಟ್ಟವನು ನಾನೆಂದು ಸಂಜೆಯೊಳಗೆ ಎಲ್ಲರಿಗೂ ತಿಳಿದಿತ್ತು. ಆ ಶನಿವಾರ ಮಧ್ಯಾಹ್ನ ಕೆಲಸ ಬಿಟ್ಟು ಸೈಕಲ್ಲಿನಲ್ಲಿ ಕೆರೆ ಏರಿಯ ಮೇಲೆ ಬರುತ್ತಿದ್ದೆ. ಅಡ್ಡ ನಿಂತರು. ಬಾಡಿಗೆ ರೌಡಿಗಳಲ್ಲ. ಎಲ್ಲರೂ ನಾನು ಒಂದಲ್ಲ ಒಂದು ದಿನ ಗಾಯ ಕಟ್ಟಿದ್ದ ಜನ. ಸೈಕಲ್ಲನ್ನು ಕೆರೆಗೆ ಎಸೆದರು. ಒಬ್ಬ ನನ್ನ ಕೈಗಳನ್ನು ಹಿಂದಕ್ಕೆ ತಿರುಚಿ ಹಿಡಿದ. ಆ ಹಿಡಿತದಲ್ಲಿ ಎರಡು ಬೆರಳು ಇರಲಿಲ್ಲ, ಅದು ನನಗೆ ತಿಳಿಯುತ್ತಿತ್ತು. ಹುಡುಗಿಯ ಅಪ್ಪ ಗಾಡಿಯ ಗೂಟ ತಂದಿದ್ದ.

"ಒಬ್ಳ ಕೈ ಹೋಯ್ತು, ಇನ್ನೊಬ್ಳ ಅನ್ನಕ್ಕೂ ಮಣ್ಣು ಹಾಕ್ತೀಯೇನ್ಲಾ? ನಿಂಗೇನ್ಲಾ ನಾವು ಮಾಡಿದ್ದು?" ಅಂತ ಕೇಳುತ್ತಾ ಹೊಡೆದ. ಮೊದಲ ಏಟು ಭುಜಕ್ಕೆ. ಕತ್ತಿನ ಬುಡದ ಮೂಳೆ ಲಟಕ್ಕೆಂದದ್ದು ನನ್ನ ಕಿವಿಗೇ ಕೇಳಿಸಿತು. ಎರಡನೆಯದು ಬಾಯಿಗೆ. ಹಲ್ಲು ನಾಲಿಗೆಯ ಮೇಲೆ ಕಲ್ಲಿನಂತೆ ಬಿತ್ತು. ಬಿದ್ದ ಮೇಲೂ ಪಕ್ಕೆಗೆ ಒದ್ದರು. ಅವನು ಹೊಡೆಯುತ್ತಲೇ ಅಳುತ್ತಿದ್ದ. ಅವನ ಮೂಗಿನ ನೀರು ನನ್ನ ಮುಖದ ಮೇಲೆ ಬೀಳುತ್ತಿತ್ತು. ಇವನನ್ನು ಕೊಂದುಬಿಡಬೇಕು ಅಂತ ನನಗೆ ಅನ್ನಿಸಿತು. ಏಳಲು ಆಗುವಂತಿದ್ದರೆ ಕೊಲ್ಲುತ್ತಲೂ ಇದ್ದೆನೇನೋ.

ಆಸ್ಪತ್ರೆಗೆ ಮ್ಯಾನೇಜರ್ ಕಿತ್ತಲೆಹಣ್ಣು ತೆಗೆದುಕೊಂಡು ಬಂದರು. ಮಂಚದ ಪಕ್ಕ ಕೂತು, ಒಂದು ಹಣ್ಣು ಸುಲಿದು, ನಾರು ಬಿಡಿಸುತ್ತಾ ಹೇಳಿದರು. "ಸೈಕಲ್ಲಿಂದ ಬಿದ್ರಂತೆ. ಏರಿ ಮೇಲೆ ಜಲ್ಲಿ ಜಾಸ್ತಿ, ಜೋಪಾನವಾಗಿ ಓಡಾಡ್ಬೇಕು. ನಿಮ್ಮ ಬಾಮೈದ ಕೆಲಸ ಇಲ್ಲದೆ ಕೂತಿದಾನಂತಲ್ಲ, ಸೋಮವಾರ ಕಳಿಸಿ. ಆಫೀಸಿನಲ್ಲೇ ಹಾಕ್ಕೊಳ್ಳೋಣ."

ಅವರು ಹೋದ ಮೇಲೆ ನನ್ನ ಹೆಂಡತಿ "ಒಪ್ಕೊಂಡ್ಬಿಡ್ರೀ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದಳು. ಒಪ್ಪಬೇಕೆಂದು ನನಗೂ ಆಸೆಯಾಯಿತು. ಆ ಮಾತು ಎಷ್ಟು ಹಿತವಾಗಿ ಕಿವಿಗೆ ಇಳಿಯುತ್ತದೆ ಎಂಬುದು ಆ ಮಂಚದ ಮೇಲೆ ಮಲಗಿದವರಿಗೇ ಗೊತ್ತು. ಅಷ್ಟು ಜನ ಯಾಕೆ ಗಾಣ ಗಾಣ ಅನ್ನುತ್ತಾರೆ ಅನ್ನುವುದು ಅವತ್ತು ನನಗೆ ಮೈಯಲ್ಲೇ ತಿಳಿಯಿತು.

ಬಾಮೈದನನ್ನು ಕಳಿಸಬೇಕೋ ಬೇಡವೋ ಎಂದು ಹೊರಳಾಡುತ್ತಿದ್ದಾಗಲೇ ಆ ಸೋಮವಾರ ಬಂತು. ಬೆಳಿಗ್ಗೆಯಿಂದ ವಾರ್ಡಿನ ತುಂಬ ಹಳ್ಳಿಯ ಜನ. ಮುದ್ದೆ ಗಂಟು ಕಟ್ಟಿಕೊಂಡು, ಎಲೆಯಡಿಕೆ ಹಾಕಿಕೊಂಡು, ತಮ್ಮ ತಮ್ಮ ರೋಗಿಗಳ ಸುತ್ತ ಕೂತಿದ್ದರು. ಪಕ್ಕದ ಮಂಚದ ಮುದುಕನನ್ನು ನೋಡಲು ಬಂದಿದ್ದ ಮಗನನ್ನು ಕೇಳಿದೆ: "ಏನಪ್ಪಾ, ಇವತ್ತು ಇಷ್ಟು ಜನ? ಜಾತ್ರೆ ಇದ್ದಂಗಿದೆ."

"ಇವತ್ ಸ್ವಾಮಾರ ಅಲ್ವಾ ಸ್ವಾಮಿ? ಎತ್ತು ಕಟ್ಟಂಗಿಲ್ವಲ್ಲ. ಬಸವಣ್ಣನ ವಾರ. ಕೆಲ್ಸ ಇಲ್ಲ, ಬಂದ್ಬಿಟ್ಟೆ."

"ಯಾರೂ ಕಟ್ಟಲ್ವಾ?"

ಅವನು ನನ್ನನ್ನು ಯಾವ ದೇಶದವನೋ ಅನ್ನುವಂತೆ ನೋಡಿದ. "ನೇಗಿಲೂ ಕಟ್ಟಂಗಿಲ್ಲ, ಕಪಿಲೇನೂ ಇಲ್ಲ, ಗಾಣಾನೂ ಇಲ್ಲ. ಹೆಣ ಬಿದ್ರೂ ಗಾಡಿ ಕಟ್ಟಲ್ಲ, ಹೆಗಲ ಮ್ಯಾಲೇ ಹೊತ್ಕೊಂಡ್ ಹೋಯ್ತೀವಿ."

ನಾನು ಬೆಂಗಳೂರಿನ ಪೇಟೆಯಲ್ಲಿ ಮಗ್ಗದ ಸದ್ದಿನಲ್ಲಿ ಬೆಳೆದವನು, ಎತ್ತಿನ ಬಾಲ ಮುಟ್ಟಿದವನಲ್ಲ. ಎದ್ದು ಕೂತುಬಿಟ್ಟೆ, ಮುರಿದ ಮೂಳೆ ಚುಚ್ಚಿ ಕಣ್ಣು ಕತ್ತಲೆ ಬಂತು. ಅಕ್ಕನ ಕೈ ಹೋದದ್ದು ಸೋಮವಾರ. ನಾನು ಅಲ್ಲಿ ಕಂಡ ದೊಡ್ಡ ಗಾಯಗಳಲ್ಲಿ ಮುಕ್ಕಾಲು ಪಾಲು ಸೋಮವಾರದವೇ. ಭಾನುವಾರ ಶಾಫ್ಟು ನಿಲ್ಲುತ್ತಿತ್ತು. ಓಡದೆ ಬಿದ್ದ ಚರ್ಮದ ಬೆಲ್ಟು ಒಂದು ದಿನದಲ್ಲಿ ಬಿರುಸಾಗಿ, ಸೋಮವಾರ ಬೆಳಿಗ್ಗೆ ಗಾಲಿಯ ಮೇಲೆ ಕೂರದೆ ಪದೇ ಪದೇ ಜಾರುತ್ತಿತ್ತು. ರಾಳ ಎರಚುವ ಕೆಲಸವೆಲ್ಲ ಅವತ್ತೇ. ಅಂದರೆ ಎತ್ತೇ ಕಟ್ಟದ ದಿನ ಎತ್ತಿನ ಗಾಣಕ್ಕೆ ಇವರೆಲ್ಲ ಕೈ ಕೊಟ್ಟಿದ್ದರು! ಈ ಸುಳ್ಳನ್ನು ಕೇಳಿದವರೆಲ್ಲ ಡಾಕ್ಟರು, ಪೊಲೀಸು, ಇನ್ಸ್‌ಪೆಕ್ಟರು, ನನ್ನಂಥ ಪೇಟೆಯವರು. ಊರಿನವರ ಮುಂದೆ ಅದನ್ನು ಯಾರೂ ಹೇಳಿರಲೇ ಇಲ್ಲ, ಏಕೆಂದರೆ ಊರಿಗೆ ನಿಜ ಗೊತ್ತಿತ್ತು.

ಈ ವಿಷಯ ಹಿಡಿದು ಕೂತಾಗ ಇನ್ನೊಂದೂ ಹೊಳೆಯಿತು. ಆ ಅಪ್ಪ ಸರ್ಕಾರದ ಮುಂದೆ ಎಷ್ಟು ಸುಳ್ಳಾದರೂ ಹೇಳುತ್ತಾನೆ. ಆದರೆ ಸೋಮವಾರ ಎತ್ತು ಕಟ್ಟಿದೆ ಅನ್ನುವ ಮಾತನ್ನು ತನ್ನ ಊರಿನವರ ಮುಂದೆ ಹೇಳಲಾರ. ಹೇಳಿದರೆ ಬಸವಣ್ಣನಿಗೆ ದ್ರೋಹ ಬಗೆದವನಾಗುತ್ತಾನೆ. ಹೇಳದಿದ್ದರೆ ಬಸವಣ್ಣನ ಮೇಲೆ ಸುಳ್ಳು ಆಣೆ ಇಟ್ಟವನಾಗುತ್ತಾನೆ. ಯಾವ ಕಡೆ ಹೊರಳಿದರೂ ಅವನ ಮಾನ ಹೋಗುತ್ತದೆ. ಅದು ತಿಳಿದೇ ನಿರ್ಧಾರ ಮಾಡಿದೆ. ಅವನ ಗೂಟದ ಏಟು ನನ್ನ ಭುಜದಲ್ಲಿ ಇನ್ನೂ ಮಿಡಿಯುತ್ತಿತ್ತು, ಹಾಗಾಗಿ ಸೇಡು ಇರಲಿಲ್ಲ ಅಂತ ಹೇಳಲಾರೆ. ಆದರೆ ಆ ಚಿಕ್ಕ ಹುಡುಗಿಯ ಕೈ ಉಳಿಸಲು ನನಗೆ ಬೇರೆ ದಾರಿ ಕಾಣಲಿಲ್ಲ.

ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ಮತ್ತೆ ಬೆಂಗಳೂರಿಗೆ ಹೋದೆ. ಈ ಸಲ ಕಚೇರಿಯ ಒಳಗೆ ಕಾಲಿಡಲಿಲ್ಲ. ಇನ್ಸ್‌ಪೆಕ್ಟರು ಊಟಕ್ಕೆ ಹೊರಟಾಗ ಬೀದಿಯಲ್ಲೇ ತಡೆದು, ಹೋಟೆಲಿನ ಮೂಲೆಯಲ್ಲಿ ಕೂರಿಸಿ ಹೇಳಿದೆ. ಯಾರಿಗೂ ತಿಳಿಸದೆ ಬನ್ನಿ, ಸೋಮವಾರವೇ ಬನ್ನಿ, ಕಾರ್ಖಾನೆಗಲ್ಲ, ಊರಿಗೆ ಬನ್ನಿ. ಅವರು ನನ್ನ ಉದುರಿದ ಹಲ್ಲಿನ ಜಾಗ ನೋಡಿದರು. "ಸೈಕಲ್ಲಿಂದ ಬಿದ್ರಾ?" ಎಂದರು. ಇಲ್ಲ ಅಂದೆ. ಸರಿ, ಬರ್ತೀನಿ ಎಂದರು.

ಆ ಸೋಮವಾರ ಊರಿನಲ್ಲಿ ಎತ್ತುಗಳೆಲ್ಲ ಕೊಟ್ಟಿಗೆಯಲ್ಲೇ ಇದ್ದವು. ಅರಳಿಕಟ್ಟೆಯ ಮೇಲೆ ಗಂಡಸರು ಕೂತು ಬೀಡಿ ಸೇದುತ್ತಿದ್ದರು. ಇನ್ಸ್‌ಪೆಕ್ಟರು ಅಲ್ಲೇ ಕೂತು ಹುಡುಗಿಯ ಅಪ್ಪನನ್ನು ಕರೆಸಿದರು. ನನ್ನನ್ನು ಕಂಡು ಅವನ ಮುಖ ಬಿಳಿಚಿತು. ಆದರೂ ಕೇಳಿದ ಪ್ರಶ್ನೆಗೆಲ್ಲ ಸರಾಗವಾಗಿ ಉತ್ತರ ಕೊಟ್ಟ. ಗಾಣಕ್ಕೆ ಸಿಕ್ತು. ನಾನೇ ಎತ್ತು ಹೊಡೀತಿದ್ದೆ.

"ಯಾವ ವಾರ?"

"ಸ್ವಾಮಾರ ಸ್ವಾಮಿ. ಆಸ್ಪತ್ರೆಗೂ ಅವತ್ತೇ ಸೇರಿಸ್ದೊ."

ಕಟ್ಟೆಯ ಮೇಲಿದ್ದವರೆಲ್ಲ ಅವನ ಕಡೆ ತಿರುಗಿದರು. ಅವನಿಗಿನ್ನೂ ಗೊತ್ತಾಗಿರಲಿಲ್ಲ. ಊರಿನ ಹಿರಿಯನೊಬ್ಬ ಬೀಡಿ ಕೆಳಗಿಟ್ಟು ನಿಧಾನವಾಗಿ ಕೇಳಿದ: "ಏನ್ಲಾ ಅಂದೆ? ಸ್ವಾಮಾರ ಎತ್ತು ಕಟ್ದೇನ್ಲಾ?"

ಅಪ್ಪ ಎರಡೂ ಕೈ ಅಲ್ಲಾಡಿಸಿದ. "ಇಲ್ಲ ಕಣಣ್ಣೋ! ನಾನ್ಯಾಕ್ ಕಟ್ಲಿ? ನಮ್ಮಪ್ಪನ ಕಾಲ್ದಿಂದ ಕಟ್ಟಿಲ್ಲ!"

"ಮತ್ತೆ ಈಗ ಹೇಳಿದ್ದು?"

"ಅದು... ಅದು ಪ್ಯಾಕ್ಟ್ರಿಯೋರು ಹೇಳು ಅಂದ್ರು, ಅದಕ್ಕೆ..."

"ಬಸವಣ್ಣನಾಣೆ ಅಂತ ಹೇಳಿದೆಯಲ್ಲ" ಎಂದರು ಇನ್ಸ್‌ಪೆಕ್ಟರು. ಹಿರಿಯ ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದ. ಅವನು ತಡೆಯಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು, ತಲೆಯ ಮೇಲೆ ಟವೆಲು ಎಳೆದುಕೊಂಡ. ಕಟ್ಟೆಯ ಮೇಲೆ ಅವನಂಥದ್ದೇ ಸುಳ್ಳು ಹೇಳಿ ಬಂದವರು ಇನ್ನೂ ಕೆಲವರಿದ್ದರು, ಅವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಗಲಾಟೆ ಕೇಳಿ ಅಕ್ಕ ಮನೆಯಿಂದ ಬಂದಳು. ಅಪ್ಪನನ್ನು ನೋಡಿದಳು. ಸೆರಗು ಸರಿಸಿ ಖಾಲಿ ಭುಜ ತೋರಿಸಿ, "ಬೆಲ್ಟ್‌ಗೆ ಸಿಕ್ತು ಸ್ವಾಮಿ. ನಮ್ಮಪ್ಪನ್ನ ಬಿಟ್ಬಿಡಿ" ಅಂದಳು. ಆಮೇಲೆ ಒಮ್ಮೆಗೇ ಏನೋ ನೆನಪಾದವಳಂತೆ, "ನಮ್ ತಂಗಿ ಈಗ ಅಲ್ಲೇ ಅವ್ಳೆ. ಇವತ್ತು ಬೆಲ್ಟು ಜಾರ್ತಾ ಇರ್ತದೆ" ಎಂದು ಜೀಪಿನ ಕಡೆ ನಡೆದಳು.

ನಾವು ಶೆಡ್ಡಿನ ಬಾಗಿಲಿಗೆ ಬಂದಾಗ ಒಂದು ಜಾಲರಿಯೂ ಇರಲಿಲ್ಲ. ತಂಗಿ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತಿದ್ದಳು. "ನಿಲ್ಲಿಸಿ ಶಾಫ್ಟು!" ಎಂದು ಇನ್ಸ್‌ಪೆಕ್ಟರು ಕೂಗಿದರು. ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ಕೇಳಿದವರು ಅಲುಗಲಿಲ್ಲ. ಜಾಬರ್ ನನ್ನನ್ನು ಕಂಡವನೇ ಸ್ಪ್ಯಾನರು ಎತ್ತಿಕೊಂಡು ಬಂದು, ಕಟ್ಟು ಹಾಕಿದ್ದ ಭುಜದ ಮೇಲೇ ಹೊಡೆದ. ನಾನು ಮೊಣಕಾಲೂರಿದೆ. ಯಾರೋ ನೂಲು ಸುತ್ತುವ ಬಾಬಿನ್ನುಗಳನ್ನು ಎಸೆಯತೊಡಗಿದರು. ಒಂದು ಇನ್ಸ್‌ಪೆಕ್ಟರ ಹಣೆಗೆ ತಗುಲಿ ರಕ್ತ ಹುಬ್ಬಿನಿಂದ ಇಳಿಯಿತು.

ಅಕ್ಕ ಯಾರನ್ನೂ ನೋಡಲಿಲ್ಲ. ನೇರವಾಗಿ ಹೋಗಿ, ಇದ್ದ ಒಂದು ಕೈಯಲ್ಲಿ ತಂಗಿಯ ಜಡೆ ಹಿಡಿದು ಸ್ಟೂಲಿನಿಂದ ಕೆಳಕ್ಕೆ ಎಳೆದಳು. ತಂಗಿ ಕಿರುಚಿದಳು, ಪರಚಿದಳು, ಆ ಕೈಯನ್ನು ಕಚ್ಚಿದಳು. "ನಿಂದಂತೂ ಹೋಯ್ತು, ನಂದೂ ತಪ್ಪಿಸ್ತೀಯೇನೇ ಪಾಪಿ!" ಎಂದು ಕೂಗಿದಳು. ಅವಳು ಅಂದದ್ದು ಕೆಲಸದ ಮಾತು, ಕೈಯದಲ್ಲ. ಅಕ್ಕ ಜಡೆ ಬಿಡಲಿಲ್ಲ, ದರದರ ಎಳೆದುಕೊಂಡೇ ಬಾಗಿಲ ಕಡೆ ನಡೆದಳು.

ಜಾರುತ್ತಿದ್ದ ಬೆಲ್ಟಿಗೆ ರಾಳ ಬೀಳಲಿಲ್ಲ. ಜಾಬರ್ ನನ್ನನ್ನು ಬಿಟ್ಟು ಆ ಯಂತ್ರದ ಕಡೆ ಓಡಿದ. ಅವನು ಸ್ಟೂಲಿಗೆ ಕಾಲಿಟ್ಟ ಹೊತ್ತಿಗೆ ಬೆಲ್ಟು ಗಾಲಿಯಿಂದ ಹಾರಿ, ಬೀಸಿದ ಚಾವಟಿಯಂತೆ ಗಾಳಿಯಲ್ಲಿ ತಿರುಗಿತು. ಸ್ಟೂಲು ಚೂರಾಯಿತು. ಬೆಲ್ಟಿನ ಕೀಲಿನಲ್ಲಿದ್ದ ಕಬ್ಬಿಣದ ಕೊಕ್ಕೆಗಳು ಜಾಬರನ ಎಡಗಣ್ಣಿನಿಂದ ಗಲ್ಲದವರೆಗೆ ಸೀಳಿಕೊಂಡು ಹೋದವು. ಆಗ ಯಾರೋ ಓಡಿಹೋಗಿ ಶಾಫ್ಟು ನಿಲ್ಲಿಸಿದರು. ಆ ಶೆಡ್ಡಿನಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿಯೇ ಇರಲಿಲ್ಲ. ಸುತ್ತ ಎಲ್ಲ ಕಡೆ ನೂಲು ಕಡಿಯುವ ಸಣ್ಣ ಸದ್ದು.

ನಾನು ಒಂದೇ ಕೈಯಲ್ಲಿ ಅವನ ಮುಖವನ್ನು ಉಪ್ಪುನೀರಿನಿಂದ ತೊಳೆದೆ. ಸೀಮೆಎಣ್ಣೆ ಮುಟ್ಟಲಿಲ್ಲ. ಕಣ್ಣು ಉಳಿಯುವಂತಿರಲಿಲ್ಲ. ಇನ್ಸ್‌ಪೆಕ್ಟರು ತಮ್ಮ ಹಣೆಗೆ ಕರವಸ್ತ್ರ ಒತ್ತಿಕೊಂಡು ಬಗ್ಗಿ, "ಏನಾಯ್ತು ಹೇಳಪ್ಪಾ" ಎಂದರು.

"ಸೈಕಲ್ಲಿಂದ ಬಿದ್ದೆ ಸ್ವಾಮಿ" ಅಂದ ಜಾಬರ್.

ಇನ್ಸ್‌ಪೆಕ್ಟರ ಕಣ್ಣೆದುರೇ ಆದದ್ದು. ಒಬ್ಬ ಹೆಣ್ಣುಮಗಳು ಕಿಸಕ್ಕನೆ ನಕ್ಕಳು, ನಕ್ಕವಳು ಅಳಲು ಶುರುಮಾಡಿದಳು. ಆಮೇಲೆ ಒಬ್ಬೊಬ್ಬರೇ ಹತ್ತಿರ ಬಂದು, ತಮ್ಮ ಮನೆಯಲ್ಲಿ ಯಾರಿಗೆ ಏನು ಹೋಯಿತು ಅಂತ ಹೇಳತೊಡಗಿದರು.

ಶೆಡ್ಡಿಗೆ ಬೀಗ ಬಿತ್ತು. ಮತ್ತೆ ತೆರೆದಾಗ ಜಾಲರಿಗಳನ್ನು ಬಿಚ್ಚಲಾಗದಂತೆ ಬೆಸುಗೆ ಹಾಕಿದ್ದರು, ಯಂತ್ರಗಳಿಗೆ ಬೇರೆಬೇರೆ ಮೋಟಾರು ಕೂರಿಸುವ ಕೆಲಸ ಶುರುವಾಗಿತ್ತು. ಮ್ಯಾನೇಜರ್ ಬೇರೆ ಕಡೆಗೆ ಹೋದರು. ಅದರ ಜತೆಗೇ, ಕೈಗೆ ಪ್ರತಿಯಾಗಿ ಕೆಲಸ ಸಿಕ್ಕಿದ್ದವರನ್ನೆಲ್ಲ, ಆ ಪದ್ಧತಿಯೇ ತಪ್ಪು ಅಂತ ಕಾರಣ ಹೇಳಿ ಹೊರಗೆ ಹಾಕಿದರು. ತಂಗಿಯ ಕೆಲಸವೂ ಹೋಯಿತು. ಇದನ್ನು ನಾನು ಊಹಿಸಿರಲಿಲ್ಲ. ದೂರು ಕೊಡುವವನು ಯಂತ್ರದ ಬಗ್ಗೆ ಯೋಚಿಸಿದಷ್ಟೇ, ಆ ಯಂತ್ರವನ್ನು ನಂಬಿದ ಒಲೆಗಳ ಬಗ್ಗೆಯೂ ಮೊದಲೇ ಯೋಚಿಸಿ, ಅಧಿಕಾರಿಯಿಂದ ಮಾತು ತೆಗೆದುಕೊಂಡಿರಬೇಕು. ನನ್ನನ್ನು ಹೊರಹಾಕಲು ಅವರು ಕಾರಣವನ್ನೂ ಹುಡುಕಲಿಲ್ಲ.

ಸುಳ್ಳು ಆಣೆ ಇಟ್ಟ ಅಪ್ಪನನ್ನು ಊರು ಹೊರಗಿಟ್ಟಿತು. ಕೆಲಸ ಕಳೆದುಕೊಂಡ ಮನೆಯವರು ಅವನೇ ಬಾಯಿಬಿಟ್ಟವನೆಂದು ಅವನ ಹುಲ್ಲಿನ ಬಣವೆಗೆ ಬೆಂಕಿ ಇಟ್ಟರು, ಸಂತೆಯಲ್ಲಿ ಹಿಡಿದು ಬಡಿದರು. ಅವನು ಎತ್ತುಗಳನ್ನು ಮಾರಿ ಊರು ಬಿಟ್ಟನೆಂದು ಕೇಳಿದೆ. ಎಲ್ಲಿಗೆ ಹೋದನೋ ಯಾರಿಗೂ ತಿಳಿಯಲಿಲ್ಲ.

ಬಹಳ ಕಾಲದ ಮೇಲೆ, ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿನಿಂದ ಬಂದ ಹೆಂಗಸೊಬ್ಬಳು ಕೈಚೀಲ ಕೆಳಗಿಟ್ಟು, ನನ್ನ ಮುಂದೆ ನಿಂತು, ಮುಖವನ್ನೇ ನೋಡಿದಳು. ಗಿಡ್ಡ ಆಳು. ಗುರುತು ಹತ್ತುವಷ್ಟರಲ್ಲಿ ಕೈಯೆತ್ತಿ ನನ್ನ ಕಪಾಳಕ್ಕೆ ಬೀಸಿ ಹೊಡೆದಳು. ನನ್ನ ಕನ್ನಡಕ ಹಾರಿಹೋಯಿತು. "ನಮ್ಮಪ್ಪ ಇನ್ನೂ ಸಿಕ್ಕಿಲ್ಲ" ಅಂದಳು. ಚೀಲ ಎತ್ತಿಕೊಂಡು ಬಸ್ಸು ಹತ್ತಿದಳು. ಜನ ಸುತ್ತ ಸೇರಿ, ಯಾರು, ಏನು, ಪೊಲೀಸರನ್ನು ಕರೆಯೋಣವೇ ಎಂದು ಕೇಳಿದರು. ಬೇಡ ಅಂದೆ.

ಮನೆಗೆ ಬಂದಾಗ ಹೆಂಡತಿ ಗಾಬರಿಯಿಂದ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದಳು. "ಯಾರ್ರೀ ಹೊಡೆದದ್ದು? ಐದೂ ಬೆರಳು ಮೂಡಿದಾವಲ್ರೀ!"

"ಐದೂ ಇದಾವಾ? ಇನ್ನೊಂದ್ಸಲ ನೋಡು" ಅಂದೆ.